14,000 ಕಿಲೋಮೀಟರ್‌ಗೆ ಎಷ್ಟು ಗಂಟೆ? ಸ್ಯಾನ್ ಫ್ರಾನ್ಸಿಸ್ಕೋ, ಬೆಂಗಳೂರು, ಮಂಗಳೂರು ಲೆಕ್ಕ

ಪ್ರಶ್ನೆ: ನಮಸ್ಕಾರ ಸರ್. ನಮ್ಮೂರು ಪುತ್ತೂರು, ಸದ್ಯ ಇರೋದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಜನವರಿಯಲ್ಲಿ ಊರಿಗೆ ಬರ್ತಿದ್ದೇನೆ, ವಾಪಸ್ ಹೋಗುವಾಗ ಅಪ್ಪ ಅಮ್ಮನನ್ನೂ ಕರ್ಕೊಂಡು ಹೋಗ್ಬೇಕು. ಸ್ಯಾನ್ ಫ್ರಾನ್ಸಿಸ್ಕೋ ಏರ್‌ಪೋರ್ಟಿಂದ ಬೆಂಗಳೂರು ಏರ್‌ಪೋರ್ಟಿಗೆ ಸುಮಾರು 14,000 ಕಿ.ಮೀ. ಅಂತ ತೋರಿಸ್ತದೆ. ವಿಮಾನದ ಸ್ಪೀಡ್ 900 ಅಂದ್ರೆ ಹದಿನೈದೂವರೆ ಗಂಟೆ ಆಗ್ಬೇಕಲ್ವಾ? ಆದ್ರೆ ಹೋಗುವಾಗ ಒಂದು ಟೈಮು, ಬರುವಾಗ ಇನ್ನೊಂದು, ತಿಂಗಳು ಬದಲಾದ್ರೆ ಮತ್ತೊಂದು. ಅದು ಹೋಗ್ಲಿ, ಬೆಂಗಳೂರಿಂದ ಮಂಗಳೂರಿಗೆ 300 ಕಿ.ಮೀ., ಇಪ್ಪತ್ತು ನಿಮಿಷದ ದಾರಿ, ಟಿಕೆಟಲ್ಲಿ ಒಂದು ಗಂಟೆ ಹತ್ತು ನಿಮಿಷ ಅಂತ ಉಂಟು. ಇದು ಎಂಥ ಲೆಕ್ಕ ಮಾರಾಯ್ರೆ? ಬೆಂಗಳೂರಲ್ಲಿ ಕನೆಕ್ಷನ್‌ಗೆ ಎಷ್ಟು ಗ್ಯಾಪ್ ಇಟ್ಕೊಳ್ಳೋದು?

ಉತ್ತರ: ನಿಮ್ಮ 14,000 ಸರಿ ಇದೆ, 900 ಕೂಡ ಹೆಚ್ಚುಕಮ್ಮಿ ಸರಿ, ತಪ್ಪಾಗಿರೋದು ಒಂದನ್ನ ಇನ್ನೊಂದರಿಂದ ಭಾಗಿಸಿದ್ದು. ನಾನು ಮೂವತ್ತು ವರ್ಷ ಫ್ಲೈಟ್ ಡಿಸ್ಪ್ಯಾಚ್‌ನಲ್ಲಿ ಕೆಲಸ ಮಾಡಿದವನು, ಅಂದ್ರೆ ವಿಮಾನ ಯಾವ ದಾರೀಲಿ ಹೋಗ್ಬೇಕು ಎಷ್ಟು ಇಂಧನ ಹಾಕ್ಬೇಕು ಅಂತ ನೆಲದ ಮೇಲೆ ಕೂತು ಪ್ಲಾನ್ ಮಾಡಿ ಕ್ಯಾಪ್ಟನ್ ಕೈಗೆ ಕೊಡೋ ಕೆಲಸ. ಅಷ್ಟು ವರ್ಷದಲ್ಲಿ ಎರಡು ಏರ್‌ಪೋರ್ಟ್ ಮಧ್ಯೆ ಎಷ್ಟು ಕಿಲೋಮೀಟರ್ ಅಂತ ನಾವು ಒಬ್ಬರನ್ನೊಬ್ಬರು ಕೇಳಿದ್ದೇ ನೆನಪಿಲ್ಲ. ಇವತ್ತು ಎಷ್ಟು ನಿಮಿಷ, ಎಷ್ಟು ಟನ್ ಫ್ಯೂಯಲ್, ಇವೆರಡೇ ಕೇಳ್ತಿದ್ದಿದ್ದು. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ, ಕಾಫಿ ಇಟ್ಕೊಂಡು ಓದಿ.

ಮೊದಲು ಆ 14,000 ಎಲ್ಲಿಂದ ಬಂತು ನೋಡೋಣ. ದೂರ ತೋರಿಸೋ ಸೈಟ್‌ಗಳು ಮಾಡೋದು ಇಷ್ಟೇ, ಎರಡು ಏರ್‌ಪೋರ್ಟ್‌ನ ಅಕ್ಷಾಂಶ ರೇಖಾಂಶ ತಗೊಂಡು ಭೂಮಿಯ ಮೈ ಮೇಲೆ ಅತಿ ಹತ್ತಿರದ ಗೆರೆ ಎಳೆದು ಅಳೀತಾವೆ. ಮಕ್ಕಳ ಗ್ಲೋಬ್ ಇದ್ರೆ ತಗೊಂಡು ಬೆಂಗಳೂರಲ್ಲಿ ಒಂದು ದಾರದ ತುದಿ ಒತ್ತಿ ಹಿಡಿದು ಇನ್ನೊಂದು ತುದೀನ ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ಬಿಗಿಯಾಗಿ ಎಳೀರಿ, ದಾರ ಎಲ್ಲಿ ಕೂರುತ್ತೋ ಅದೇ ಆ ಗೆರೆ. ಗೋಡೆಗೆ ನೇತು ಹಾಕೋ ಮ್ಯಾಪ್ ನೋಡಿ ಬೆಳೆದವರಿಗೆ ಇಲ್ಲೇ ಮೊದಲ ಶಾಕ್, ಯಾಕಂದ್ರೆ ದಾರ ಪೂರ್ವಕ್ಕೂ ಹೋಗಲ್ಲ ಪಶ್ಚಿಮಕ್ಕೂ ಹೋಗಲ್ಲ. ದೇವನಹಳ್ಳಿಯಿಂದ ಹೆಚ್ಚುಕಡಿಮೆ ನೆಟ್ಟಗೆ ಉತ್ತರಕ್ಕೆ, ಬರೀ 20 ಡಿಗ್ರಿ ಬಲಕ್ಕೆ ವಾಲ್ಕೊಂಡು ಹೊರಡುತ್ತೆ. ನೇಪಾಳ, ಟಿಬೆಟ್, ಮಂಗೋಲಿಯಾದ ಪಶ್ಚಿಮ ಭಾಗ, ಸೈಬೀರಿಯಾ ದಾಟಿ ರಷ್ಯಾದ ಉತ್ತರ ಅಂಚಲ್ಲಿ ಸುಮಾರು 71 ಡಿಗ್ರಿ ಅಕ್ಷಾಂಶದವರೆಗೆ ಏರಿ, ಆಮೇಲೆ ಅಲಾಸ್ಕಾ ಕಡೆಯಿಂದ ಇಳಿದು ಕ್ಯಾಲಿಫೋರ್ನಿಯಾಕ್ಕೆ ಬರುತ್ತೆ. ಉದ್ದ ಸುಮಾರು 13,990 ಕಿ.ಮೀ.

ಈ ರೂಟ್ ಅಂದ್ರೆ ಉತ್ತರ ಧ್ರುವದ ಮೇಲೇ ಹೋಗೋದು, ಅದೇ ಹತ್ತಿರದ ದಾರಿ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. 2021ರ ಜನವರಿ 9ಕ್ಕೆ ಏರ್ ಇಂಡಿಯಾ ಈ ರೂಟಲ್ಲಿ ಮೊದಲ ನಾನ್‌ಸ್ಟಾಪ್ ಹಾರಿಸಿತ್ತಲ್ಲ, ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತೆ ಅವರ ಜೊತೆ ಕಾಕ್‌ಪಿಟ್‌ನಲ್ಲಿ ಎಲ್ಲರೂ ಹೆಂಗಸರೇ, ಅದು ಧ್ರುವದ ಮೇಲಿಂದ ಬಂದಿದ್ದಕ್ಕೆ ಪೇಪರಲ್ಲೆಲ್ಲಾ ಬಂತು, ಹಾಗಾಗಿ ಈ ನಂಬಿಕೆ. ಆದ್ರೆ ಹತ್ತಿರದ ಗೆರೆ ಧ್ರುವದಿಂದ 2,100 ಕಿ.ಮೀ. ದೂರದಲ್ಲೇ ಹಾದು ಹೋಗುತ್ತೆ. ತಮಾಷೆ ಏನಂದ್ರೆ ಧ್ರುವವನ್ನ ಕರೆಕ್ಟಾಗಿ ಮುಟ್ಟಿ ಬಂದ್ರೂ ದಾರಿ ಸುಮಾರು 14,370 ಕಿ.ಮೀ. ಮಾತ್ರ ಆಗುತ್ತೆ, 380 ಕಿ.ಮೀ. ಜಾಸ್ತಿ ಅಷ್ಟೇ, ಅರ್ಧ ಗಂಟೇನೂ ಇಲ್ಲ. ಗುಂಡಗಿರೋ ವಸ್ತು ಮೇಲೆ ದಾರ ಸ್ವಲ್ಪ ಆಚೀಚೆ ಸರಿದ್ರೆ ಉದ್ದ ಅಷ್ಟೇನೂ ಬದಲಾಗಲ್ಲ. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಇದೇ ಕಾರಣಕ್ಕೆ ಸುತ್ತು ಹಾಕೋ ತರ ಕಾಣೋ ದಾರಿಗಳು ನಿಜವಾಗ್ಲೂ ಸುತ್ತಲ್ಲ. ಬೆಂಗಳೂರಿಂದ ಡೆಲ್ಲಿಗೆ ಹೋಗಿ ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋದ್ರೆ ಒಟ್ಟು 14,090 ಕಿ.ಮೀ., ನೇರ ಗೆರೆಗಿಂತ ಬರೀ 100 ಜಾಸ್ತಿ. ಟೋಕಿಯೋದ ನರೀಟಾ ಮೇಲೆ ಹೋದ್ರೆ 14,900 ಆಸುಪಾಸು. ದುಬೈ ಮೇಲೆ ಹೋದ್ರೆ 15,700, ಅದು ನೋಡಿದ್ರೆ ಪೂರ್ತಿ ಉಲ್ಟಾ ದಿಕ್ಕು, ಆದ್ರೂ 1,700 ಮಾತ್ರ ಜಾಸ್ತಿ. ಫ್ರಾಂಕ್‌ಫರ್ಟ್ ಮೇಲೆ 16,500, ಸಿಂಗಾಪುರದ ಮೇಲೆ ಅದಕ್ಕಿಂತ ಇನ್ನೂರು ಚಿಲ್ಲರೆ ಹೆಚ್ಚು. ಅಂದ್ರೆ ಅತಿ ದೊಡ್ಡ ಸುತ್ತಿಗೂ ಹಾರಾಟದಲ್ಲಿ ಹೆಚ್ಚಾಗೋದು ಮೂರು ಗಂಟೆ, ಟಿಕೆಟಲ್ಲಿ 22 ಗಂಟೆ 26 ಗಂಟೆ ಅಂತ ಬರೋದಕ್ಕೆ ಕಾರಣ ಮಧ್ಯದ ಊರಲ್ಲಿ ಬೆಂಚಿನ ಮೇಲೆ ಕೂರೋ ಹೊತ್ತು.

ಸರಿ, ಹತ್ತಿರದ ಗೆರೆ ಗೊತ್ತಿದೆ, ಹಾಗಾದ್ರೆ ಅದರ ಮೇಲೇ ಹೋಗ್ಬಾರ್ದಾ? ಟಿಬೆಟ್ ಬಿಡಲ್ಲ. ಅಲ್ಲಿನ ಪರ್ಮಿಶನ್ ಮಾತು ಆಮೇಲೆ, ಮೊದಲು ಅಲ್ಲಿನ ನೆಲದ ಎತ್ತರ. ವಿಮಾನದೊಳಗಿನ ಗಾಳಿಯ ಒತ್ತಡ ಹೋಗ್ಬಿಟ್ರೆ ಮೇಲಿಂದ ಮಾಸ್ಕ್ ಬೀಳುತ್ತೆ ಅಂತ ಏರ್‌ಹೋಸ್ಟೆಸ್ ಡೆಮೋ ಕೊಡ್ತಾರಲ್ಲ, ಆ ಮಾಸ್ಕ್‌ನಲ್ಲಿ ಆಮ್ಲಜನಕ ಸಾಮಾನ್ಯವಾಗಿ ಕಾಲು ಗಂಟೆ ಆಸುಪಾಸು ಮಾತ್ರ ಇರೋದು, ಅಷ್ಟರೊಳಗೆ ಪೈಲಟ್ 10,000 ಅಡಿಗೆ ಇಳಿಸ್ಬೇಕು. ಟಿಬೆಟ್ಟಿನ ಪ್ರಸ್ಥಭೂಮಿಯೇ ಸರಾಸರಿ 4,500 ಮೀಟರ್, ಹತ್ತತ್ರ 15,000 ಅಡಿ. ಇಳೀಬೇಕಾದ ಜಾಗದಲ್ಲಿ ನೆಲ ಇದೆ. ಅದಕ್ಕೇ ವಿಮಾನಗಳು ಆ ಭಾಗವನ್ನ ಬಳಸ್ಕೊಂಡು ಹೋಗ್ತಾವೆ.

ಆಮೇಲೆ ದೇಶಗಳ ಗಡಿ. ನೆಲದ ಮೇಲೆ ಜಗಳ ಆದ್ರೆ ಆಕಾಶಕ್ಕೂ ಬೇಲಿ ಬೀಳುತ್ತೆ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ರಷ್ಯಾದ ಆಕಾಶ ಯುರೋಪ್ ಅಮೆರಿಕಾದ ಕಂಪನಿಗಳಿಗೆ ಮುಚ್ಚಿತು, ಭಾರತದ ವಿಮಾನಗಳಿಗೆ ಮುಚ್ಚಲಿಲ್ಲ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿ ಆದ್ಮೇಲೆ ಪಾಕಿಸ್ತಾನ ಭಾರತದ ವಿಮಾನಗಳಿಗೆ ಬಾಗಿಲು ಹಾಕಿತು, ನಾವೂ ಹಾಕಿದ್ವಿ. 2019ರಲ್ಲಿ ಬಾಲಾಕೋಟ್ ಆದಾಗಲೂ ಫೆಬ್ರವರಿಯಿಂದ ಜುಲೈವರೆಗೆ ಇದೇ ಕತೆ. ಇದರಿಂದ ಜಾಸ್ತಿ ಪೆಟ್ಟು ಬೀಳೋದು ಡೆಲ್ಲಿಯಿಂದ ಪಶ್ಚಿಮಕ್ಕೆ ಹೋಗೋ ಫ್ಲೈಟ್‌ಗಳಿಗೆ. ಏರ್‌ಪೋರ್ಟ್ ಎರಡೂ ಇದ್ದಲ್ಲೇ ಇವೆ, ದೂರದ ಸೈಟು ಅದೇ ನಂಬರ್ ತೋರಿಸ್ತಾ ಇದೆ, ಆದ್ರೆ ಒಂದು ರಾತ್ರಿ ಕಳೆಯೋದ್ರಲ್ಲಿ ಪ್ರಯಾಣದ ಸಮಯ ಬದಲಾಗಿ ಹೋಯ್ತು.

ಈಗ ನಿಮ್ಮ ಮುಖ್ಯ ಪ್ರಶ್ನೆ, ಹೋಗುವಾಗ ಒಂದು ಬರುವಾಗ ಒಂದು ಯಾಕೆ. ಇದಕ್ಕೆ ಮನೆಮನೆಯಲ್ಲೂ ಕೇಳೋ ತಪ್ಪು ಉತ್ತರ ಒಂದಿದೆ, ಭೂಮಿ ತಿರುಗುತ್ತಲ್ಲ ಅದಕ್ಕೆ ಅಂತ. ಭೂಮಧ್ಯ ರೇಖೆ ಹತ್ತಿರ ಭೂಮಿ ಗಂಟೆಗೆ 1,670 ಕಿ.ಮೀ. ಸ್ಪೀಡಲ್ಲಿ ತಿರುಗ್ತಿದೆ, ಅದು ನಿಜವಾಗ್ಲೂ ವಿಮಾನಕ್ಕೆ ಹಾಗೆ ಸಹಾಯ ಮಾಡೋ ಹಾಗಿದ್ರೆ ಮೇಲಕ್ಕೆ ಹಾರಿ ಸುಮ್ನೆ ನಿಂತ್ಕೊಂಡ್ರೆ ಸಾಕಿತ್ತಲ್ಲ, ಊರೇ ಕೆಳಗೆ ಬರ್ತಿತ್ತು. ಹಾಗಾಗಲ್ಲ, ಯಾಕಂದ್ರೆ ಭೂಮಿ ಜೊತೆ ಗಾಳಿಯೂ ತಿರುಗ್ತಿದೆ, ಗಾಳಿಯೊಳಗಿರೋ ವಿಮಾನವೂ ತಿರುಗ್ತಿದೆ. ಓಡ್ತಿರೋ ಕೆಎಸ್ಸಾರ್ಟಿಸಿ ಬಸ್ಸೊಳಗಿನ ಸೊಳ್ಳೆ ಹಿಂದಿನ ಗ್ಲಾಸಿಗೆ ಹೋಗಿ ಅಪ್ಪಳಿಸುತ್ತಾ? ಇಲ್ವಲ್ಲ, ಆರಾಮಾಗಿ ಡ್ರೈವರ್ ತನಕ ಹೋಗಿ ಬಂದು ನಮ್ಮನ್ನೇ ಕಚ್ಚುತ್ತೆ.

ನಿಜವಾದ ಕಾರಣ ಗಾಳಿ. ಮೂವತ್ತು ನಲವತ್ತು ಸಾವಿರ ಅಡಿ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ನದಿ ತರ ಹರಿಯೋ ಗಾಳಿ ಇದೆ, ಜೆಟ್ ಸ್ಟ್ರೀಮ್ ಅಂತಾರೆ, ಚಳಿಗಾಲದಲ್ಲಿ ಅದರ ನಡು ಭಾಗ ಗಂಟೆಗೆ 200 ಕಿ.ಮೀ. ದಾಟೋದು ಮಾಮೂಲಿ. ಇದನ್ನ 1920ರ ದಶಕದಲ್ಲೇ ಜಪಾನಿನ ಓಯಿಶಿ ವಾಸಾಬುರೋ ಅನ್ನೋ ಹವಾಮಾನ ತಜ್ಞರು ಬಲೂನ್ ಬಿಟ್ಟು ಅಳೆದಿದ್ರು, ಆದ್ರೆ ರಿಪೋರ್ಟ್ ಬರೆದಿದ್ದು ಎಲ್ಲ ದೇಶದವರಿಗೂ ಒಂದೇ ಇರ್ಲಿ ಅಂತ ಹೊಸದಾಗಿ ಕಟ್ಟಿದ ಎಸ್ಪೆರಾಂಟೋ ಭಾಷೇಲಿ, ಜಗತ್ತೆಲ್ಲಾ ಓದ್ಲಿ ಅಂತ, ಪಾಪ ಹೊರಗಿನವರು ಯಾರೂ ಗಮನಿಸಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಅಮೆರಿಕಾದ ಬಾಂಬರ್‌ಗಳು ಜಪಾನ್ ಮೇಲೆ ಹೋಗಿ ಆ ಗಾಳಿಗೆ ಸಿಕ್ಕಿ ಹಾಕ್ಕೊಂಡಾಗ ಎಲ್ಲರಿಗೂ ಅರ್ಥ ಆಯ್ತು. ಇತ್ತೀಚಿನ ಉದಾಹರಣೆ ಬೇಕಂದ್ರೆ 2020ರ ಫೆಬ್ರವರಿಯಲ್ಲಿ ಕಿಯಾರಾ ಬಿರುಗಾಳಿ ಬೀಸ್ತಿದ್ದಾಗ ಬ್ರಿಟಿಷ್ ಏರ್‌ವೇಸ್‌ನ ಒಂದು ಜಂಬೋ ನ್ಯೂಯಾರ್ಕಿಂದ ಲಂಡನ್‌ಗೆ 4 ಗಂಟೆ 56 ನಿಮಿಷಕ್ಕೆ ಬಂತು, ಮಾಮೂಲಿ ಆರು ಆರೂವರೆ ಗಂಟೆ ದಾರಿ. ನೆಲದಿಂದ ಅಳೆದ್ರೆ ಒಂದು ಹಂತದಲ್ಲಿ ಗಂಟೆಗೆ 1,300 ಕಿ.ಮೀ. ಮೇಲೆ ಓಡ್ತಿತ್ತು. ಎಂಜಿನ್ ಎಕ್ಸ್‌ಟ್ರಾ ಏನೂ ಮಾಡಿಲ್ಲ, ತಾನಿರೋ ಗಾಳಿಯೊಳಗೆ ಅದು ತನ್ನ ಮಾಮೂಲಿ ಸ್ಪೀಡಲ್ಲೇ ಇತ್ತು, ಗಾಳಿಯೇ ಓಡ್ತಿತ್ತು.

ನೀವು ಹೇಳಿದ 900 ಇದ್ಯಲ್ಲ, ಅದು ಗಾಳಿಯೊಳಗಿನ ಸ್ಪೀಡು. ಟ್ರಿಪಲ್ ಸೆವೆನ್ (ಬೋಯಿಂಗ್ 777) ತರದ ದೊಡ್ಡ ವಿಮಾನ ಶಬ್ದದ ವೇಗದ ನೂರಕ್ಕೆ 84 ಭಾಗದಲ್ಲಿ ಹಾರುತ್ತೆ, ಮೇಲೆ ಮೈನಸ್ 56 ಡಿಗ್ರಿ ಚಳಿ ಇದ್ರೆ ಅದು ಸುಮಾರು 890 ಆಗುತ್ತೆ. ನೆಲದ ಲೆಕ್ಕಕ್ಕೆ ಇದಕ್ಕೆ ಗಾಳೀನ ಕೂಡ್ಬೇಕು ಇಲ್ಲಾ ಕಳೀಬೇಕು. ಸುಲಭಕ್ಕೆ ದಾರಿಯುದ್ದಕ್ಕೂ ಸರಾಸರಿ 100 ಕಿ.ಮೀ. ಗಾಳಿ ಅಂತ ಇಟ್ಕೊಳ್ಳಿ. ಬೆನ್ನಿಗೆ ಬೀಸಿದ್ರೆ 14,000ವನ್ನ 1,000ದಿಂದ ಭಾಗಿಸಿ, 14 ಗಂಟೆ. ಎದುರಿಗೆ ಬೀಸಿದ್ರೆ 800ರಿಂದ, ಹದಿನೇಳೂವರೆ ಗಂಟೆ. ನೋಡಿ, ಅದೇ ದೂರ, ಅದೇ ವಿಮಾನ, ಮೂರೂವರೆ ಗಂಟೆ ವ್ಯತ್ಯಾಸ. ಇನ್ನೊಂದು ಗಮನಿಸಿ, ಹೋಗುವಾಗ ಲಾಭ ಬರುವಾಗ ನಷ್ಟ ಸರಿಹೋಯ್ತು ಅಂತ ಅಂದ್ಕೋಬೇಡಿ. ಗಾಳಿನೇ ಇಲ್ಲದಿದ್ರೆ ಎರಡೂ ಕಡೆ ಸೇರಿ 31 ಗಂಟೆ ಚಿಲ್ಲರೆ, ಗಾಳಿ ಇದ್ರೆ ಮೂವತ್ತೊಂದೂವರೆ. ಎದುರುಗಾಳಿಯಲ್ಲಿ ನಾವು ಜಾಸ್ತಿ ಹೊತ್ತು ಇರ್ತೀವಲ್ಲ, ಹಾಗಾಗಿ ಗಾಳಿಗೆ ಕೊಟ್ಟಿದ್ದು ಪೂರ್ತಿ ವಾಪಸ್ ಬರಲ್ಲ.

ಇದನ್ನೆಲ್ಲಾ ಒಂದೇ ಕಡೆ ನೋಡ್ಬೇಕಂದ್ರೆ ಡೆಲ್ಲಿ–ಸ್ಯಾನ್ ಫ್ರಾನ್ಸಿಸ್ಕೋ ಕತೆ ಕೇಳಿ. ಏರ್ ಇಂಡಿಯಾ ಮೊದಲು ಡೆಲ್ಲಿಯಿಂದ ಪಶ್ಚಿಮಕ್ಕೆ, ಯುರೋಪ್ ಅಟ್ಲಾಂಟಿಕ್ ದಾಟಿ ಹೋಗ್ತಿತ್ತು, ಸುಮಾರು 13,900 ಕಿ.ಮೀ. ದಾರಿ. 2016ರ ಅಕ್ಟೋಬರ್‌ನಲ್ಲಿ ಪೂರ್ವಕ್ಕೆ ತಿರುಗಿಸಿ ಪೆಸಿಫಿಕ್ ಮೇಲೆ ಕಳಿಸಿದ್ರು, ದಾರಿ ಸುಮಾರು 15,300 ಕಿ.ಮೀ. ಆಯ್ತು, 1,400 ಜಾಸ್ತಿ. ಸಮಯ? ಹದಿನಾಲ್ಕೂವರೆ ಗಂಟೆ, ಹಳೇ ದಾರಿಗಿಂತ ಎರಡು ಗಂಟೆ ಹತ್ತಿರ ಕಮ್ಮಿ. ದೂರ ಜಾಸ್ತಿ ಮಾಡಿ ಸಮಯ ಉಳಿಸಿದ್ರು. ನಮ್ಮ ಡಿಪಾರ್ಟ್‌ಮೆಂಟ್‌ನವರಿಗೆ ಇದು ಆಶ್ಚರ್ಯದ ಸುದ್ದಿ ಆಗಿರ್ಲಿಲ್ಲ, ಆದ್ರೆ ಭೂಮಿ ತಿರುಗೋದ್ರಿಂದ ಹೀಗಾಯ್ತು ಅಂತ ಅವತ್ತು ಎಷ್ಟೋ ಕಡೆ ಬರೆದಿದ್ದನ್ನ ಓದಿ ತಲೆ ಚಚ್ಕೊಂಡಿದ್ದು ನಿಜ.

ಹಾಗಾಗಿ ಬೆಂಗಳೂರಿಂದ ಅಮೆರಿಕಾದ ಪಶ್ಚಿಮ ತೀರಕ್ಕೆ ಹೋಗುವಾಗ ಪೂರ್ವಕ್ಕೆ ಹೋಗಿ ಪೆಸಿಫಿಕ್‌ನ ಬೆನ್ನುಗಾಳಿ ಹಿಡಿಯೋದು ಜಾಣತನ, ಬರುವಾಗ ಅದೇ ಗಾಳಿಗೆ ಮುಖ ಕೊಟ್ಟು ಬರೋದು ಪೆದ್ದುತನ, ಅದಕ್ಕೆ ಬರುವಾಗ ಉತ್ತರಕ್ಕೆ ಮೇಲೆ ಮೇಲೆ ಏರಿ, ಬೇಕಿದ್ರೆ ಧ್ರುವದ ಹತ್ತಿರಕ್ಕೂ ಹೋಗಿ, ಜೆಟ್ ಸ್ಟ್ರೀಮನ್ನ ತಪ್ಪಿಸ್ಕೊಂಡು ಬರೋದು. ಗ್ಲೋಬ್ ಮೇಲೆ ದಾರ ಸರಿದ್ರೆ ಉದ್ದ ಜಾಸ್ತಿ ಆಗಲ್ಲ ಅಂದಿದ್ನಲ್ಲ, ಅದರ ಉಪಯೋಗ ಇಲ್ಲೇ. ದಿನಾ ಗಾಳಿಯ ಚಾರ್ಟ್ ನೋಡಿ ಇವತ್ತಿನ ದಾರಿ ಇವತ್ತೇ ತೀರ್ಮಾನ ಮಾಡ್ತಾರೆ. ನೀವು ಸೋಮವಾರ ಹೋದ ದಾರೀಲಿ ನಿಮ್ಮ ಫ್ರೆಂಡು ಗುರುವಾರ ಹೋಗ್ತಾನೆ ಅಂತೇನಿಲ್ಲ.

ಧ್ರುವದ ಕಡೆ ಹೋದ್ರೆ ಬೇರೆ ತಲೆನೋವುಗಳಿವೆ, ಚುಟುಕಾಗಿ ಹೇಳ್ತೀನಿ. ವಿಮಾನದ ಇಂಧನ ಜೆಟ್ ಎ-1 ಮೈನಸ್ 47 ಡಿಗ್ರಿಗೆ ಗಟ್ಟಿಯಾಗೋಕೆ ಶುರು ಆಗುತ್ತೆ, ಅದಕ್ಕೆ ಟ್ಯಾಂಕಿನ ಟೆಂಪರೇಚರ್ ನೋಡ್ತಾನೇ ಇರ್ಬೇಕು, ತೀರಾ ಇಳಿದ್ರೆ ಕೆಳಗೆ ಬೆಚ್ಚಗಿನ ಗಾಳಿಗೆ ಇಳಿಸ್ತಾರೆ ಇಲ್ಲಾ ಸ್ಪೀಡ್ ಹೆಚ್ಚಿಸ್ತಾರೆ. ಎರಡೇ ಎಂಜಿನ್ ಇರೋ ವಿಮಾನ ಆದ್ರಿಂದ ಒಂದು ಕೈಕೊಟ್ರೆ ಇಂತಿಷ್ಟು ಹೊತ್ತಲ್ಲಿ ಇಳಿಯೋಕೆ ಒಂದು ಏರ್‌ಪೋರ್ಟ್ ಇರ್ಲೇಬೇಕು ಅಂತ ರೂಲ್ ಇದೆ, ಆ ನೀರ್ಗಲ್ಲಿನ ಸೀಮೇಲಿ ಏರ್‌ಪೋರ್ಟ್‌ಗಳು ಬೆರಳೆಣಿಕೆ. 2023ರ ಜೂನ್‌ನಲ್ಲಿ ಡೆಲ್ಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ವಿಮಾನ ಎಂಜಿನ್ ತೊಂದ್ರೆಯಿಂದ ರಷ್ಯಾದ ಮಗದಾನ್‌ನಲ್ಲಿ ಇಳಿದಿದ್ದು ನೆನಪಿರಬಹುದು, ಫ್ಲೈಟ್ ಪ್ಲಾನಲ್ಲಿ ಅಂಥ ಊರುಗಳ ಹೆಸರು ಬರೆಯೋದು ಸುಮ್ನೆ ಶಾಸ್ತ್ರಕ್ಕಲ್ಲ.

ಗಡಿಯಾರದ ಗೊಂದಲ ಬೇರೆ ಇದೆ, ಅಪ್ಪ ಅಮ್ಮನಿಗೆ ಇದನ್ನ ಮೊದಲೇ ಹೇಳಿಡಿ. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ, ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದ ತನಕ ಹನ್ನೆರಡೂವರೆ. ಬೆಂಗಳೂರಲ್ಲಿ ಮಧ್ಯಾಹ್ನ 2ಕ್ಕೆ ಹೊರಟು 16 ಗಂಟೆ ಹಾರಿದ್ರೆ ಅಲ್ಲಿ ಇಳಿಯೋದು ಅದೇ ದಿನ ಸಂಜೆ ನಾಲ್ಕೂವರೆಗೆ. ಊಟ ಮಾಡಿ ಹೊರಟವರು ಸಂಜೆ ಕಾಫಿಗೆ ತಲುಪಿದ ಹಾಗೆ, ಆದ್ರೆ ಮೈಗೆ ಗೊತ್ತು ಅದು ಬೆಳಗಿನ ಆರು ಗಂಟೆ ಅಂತ. ವಾಪಸ್ ಬರುವಾಗ ಶನಿವಾರ ರಾತ್ರಿ ಎಂಟೂವರೆಗೆ ಹೊರಟ್ರೆ ಹದಿನೇಳೂವರೆ ಗಂಟೆ ಆದ್ಮೇಲೆ ಬೆಂಗಳೂರಲ್ಲಿ ಸೋಮವಾರ ಬೆಳಗಿನ ಜಾವ ಮೂರೂವರೆ. ಭಾನುವಾರ ಎಲ್ಲಿ ಹೋಯ್ತು ಅಂತ ಕೇಳ್ಬೇಡಿ. 2021ರ ಆ ಮೊದಲ ಫ್ಲೈಟೂ ಹೀಗೇ, ಶನಿವಾರ 9ನೇ ತಾರೀಕು ರಾತ್ರಿ ಹೊರಟು ಸೋಮವಾರ 11ಕ್ಕೆ ಇನ್ನೂ ಬೆಳಗಾಗೋ ಮೊದಲೇ ದೇವನಹಳ್ಳಿಯಲ್ಲಿ ಇಳೀತು. ಇಷ್ಟುದ್ದದ ರೂಟ್‌ಗಳು ಇಂಧನದ ರೇಟು, ಆಕಾಶದ ಬೇಲಿ ನೋಡ್ಕೊಂಡು ಶುರುವಾಗ್ತಾವೆ ನಿಲ್ತಾವೆ, ನೀವು ಬುಕ್ ಮಾಡೋ ತಿಂಗಳಲ್ಲಿ ನಾನ್‌ಸ್ಟಾಪ್ ಇದ್ಯಾ ಇಲ್ವಾ ನೋಡ್ಕೊಂಡು ಮುಂದುವರೀರಿ.

ಇನ್ನು ಮಂಗಳೂರಿಗೆ ಬರೋಣ, ಇದು ನನಗೆ ಇನ್ನೂ ಇಷ್ಟದ ವಿಷಯ, ಯಾಕಂದ್ರೆ ಇಲ್ಲಿ ಗಾಳಿನೂ ಅಲ್ಲ ಗಡಿನೂ ಅಲ್ಲ, ಕಳ್ಳ ಇರೋದು ನೆಲದ ಮೇಲೆ. ದೇವನಹಳ್ಳಿಯಿಂದ ಬಜ್ಪೆಗೆ ಗೆರೆ ಎಳೆದ್ರೆ 306 ಕಿ.ಮೀ. ನಿಮ್ಮ ಇಪ್ಪತ್ತು ನಿಮಿಷ ಬರ್ಬೇಕಂದ್ರೆ ವಿಮಾನ ರನ್‌ವೇಯಿಂದ ಎದ್ದ ಕೂಡ್ಲೇ 900ರಲ್ಲಿ ಹೋಗಿ ಹಾಗೇ 900ರಲ್ಲಿ ಬಜ್ಪೆಯ ಗುಡ್ಡಕ್ಕೆ ನುಗ್ಬೇಕು. ನಿಜಕ್ಕೂ ಆಗೋದು ಹೀಗೆ. ಟಿಕೆಟಲ್ಲಿರೋ ಸಮಯಕ್ಕೆ ನಾವು ಬ್ಲಾಕ್ ಟೈಮ್ ಅಂತೀವಿ, ಅದು ಶುರುವಾಗೋದು ವಿಮಾನ ಗೇಟಿಂದ ಹಿಂದಕ್ಕೆ ಸರಿದಾಗ, ಮುಗಿಯೋದು ಅಲ್ಲಿ ಗೇಟಿಗೆ ಬಂದು ಚಕ್ರಕ್ಕೆ ಅಡ್ಡಗಟ್ಟೆ ಇಟ್ಟಾಗ. ಬೆಂಗಳೂರಲ್ಲಿ ಈಗ ಎರಡು ಟರ್ಮಿನಲ್ಲು, 4,000 ಮೀಟರಿನ ಎರಡು ರನ್‌ವೇ, ಗೇಟಿಂದ ರನ್‌ವೇ ತುದಿಗೆ ಉರುಳ್ಕೊಂಡು ಹೋಗಿ ಕ್ಯೂ ನಿಲ್ಲೋಕೆ ಹದಿನೈದು ನಿಮಿಷ ಇಟ್ಕೊಳ್ಳಿ. ಮಳೆಗಾಲ ಆದ್ರೆ ಗಾಳಿ ಪಶ್ಚಿಮದಿಂದ, ವಿಮಾನ ಪಶ್ಚಿಮಕ್ಕೇ ಏಳುತ್ತೆ, ಮಂಗಳೂರಿನ ದಿಕ್ಕೇ, ಒಳ್ಳೇದು. ನೀವು ಬರೋ ಜನವರಿಯಲ್ಲಿ ಸಾಮಾನ್ಯವಾಗಿ ಮೂಡಣ ಗಾಳಿ, ಆಗ ಪೂರ್ವಕ್ಕೆ ಎದ್ದು ತಿರುಗಿಸ್ಕೊಂಡು ಬರ್ಬೇಕು, ಅಲ್ಲೇ ಕೆಲವು ನಿಮಿಷ ಹೋಯ್ತು. 10,000 ಅಡಿ ಕೆಳಗೆ 250 ನಾಟ್‌ಗಿಂತ ಜೋರಾಗಿ ಹೋಗೋ ಹಾಗಿಲ್ಲ, ಅಂದ್ರೆ ಸುಮಾರು 460 ಕಿ.ಮೀ. ಅಷ್ಟೇ. ಇಳಿಯೋದಕ್ಕೆ ನಮ್ಮದೊಂದು ಬಾಯಿಲೆಕ್ಕ ಇದೆ, ಪ್ರತಿ ಸಾವಿರ ಅಡಿಗೆ ಮೂರು ನಾಟಿಕಲ್ ಮೈಲಿ. 24,000 ಅಡಿಯಿಂದ ಇಳೀಬೇಕಂದ್ರೆ 72 ನಾಟಿಕಲ್ ಮೈಲಿ, 133 ಕಿ.ಮೀ. ಮೊದಲೇ ಇಳಿಯೋಕೆ ಶುರು ಮಾಡ್ಬೇಕು. ಒಟ್ಟು ದಾರಿ ಇರೋದೇ 306. ಏರೋದಕ್ಕೆ ಅಷ್ಟು ಇಳಿಯೋದಕ್ಕೆ ಇಷ್ಟು ಕಳೆದ್ರೆ ಪೂರ್ತಿ ಸ್ಪೀಡಲ್ಲಿ ಓಡೋಕೆ ಸಿಗೋದು ಐದಾರು ನಿಮಿಷ. ಅದಕ್ಕೇ ಈ ಫ್ಲೈಟಲ್ಲಿ ಕಾಫಿ ಕೊಡೋರು ಓಡಾಡೋ ಸ್ಪೀಡ್ ನೋಡಿದ್ರೆ ಪಾಪ ಅನ್ಸುತ್ತೆ.

ಗಾಳಿಯಲ್ಲಿ ಇರೋದು ನಲವತ್ತು ನಿಮಿಷ ಆಸುಪಾಸು, ಉಳಿದದ್ದು ನೆಲದ ಮೇಲೆ. ಇದೇ ಕಾರಣಕ್ಕೆ ಫ್ಯಾನ್ ಇರೋ ಎಟಿಆರ್ ವಿಮಾನ, 500 ಚಿಲ್ಲರೆ ಸ್ಪೀಡಿಂದು, ಇಂಥ ದಾರೀಲಿ ಜೆಟ್‌ಗಿಂತ ಜಾಸ್ತಿ ಏನೂ ಹಿಂದೆ ಬೀಳಲ್ಲ, ಹತ್ತು ನಿಮಿಷ ಹೆಚ್ಚು ಅಷ್ಟೇ. ಅದನ್ನ ನೋಡಿ ಮೂಗು ಮುರೀಬೇಡಿ. ಜೊತೆಗೆ ಕಂಪನಿಗಳು ಟೈಮ್‌ಟೇಬಲ್‌ನಲ್ಲಿ ಒಂದಿಷ್ಟು ನಿಮಿಷ ಸುಮ್ನೆ ಕೂಡಿಸ್ತಾರೆ, ಹದಿನೈದು ನಿಮಿಷದ ಒಳಗೆ ಇದ್ರೆ ಆನ್ ಟೈಮ್ ಅಂತ ಲೆಕ್ಕ, ತಡ ಆಯ್ತು ಅನ್ನಿಸ್ಕೊಳ್ಳೋದಕ್ಕಿಂತ ಹತ್ತು ನಿಮಿಷ ಮುಂಚೆ ಬಂದ್ವಿ ಅಂತ ಮೈಕಲ್ಲಿ ಹೇಳೋದು ಚೆಂದ ಅಲ್ವಾ.

ನೆಲದ ಕಾಟ ಸ್ಯಾನ್ ಫ್ರಾನ್ಸಿಸ್ಕೋದಲ್ಲೂ ಇದೆ, ಅಲ್ಲಿರೋ ನಿಮಗೆ ಗೊತ್ತಿರುತ್ತೆ. ಅಲ್ಲಿ ಇಳಿಯೋ ಎರಡು ರನ್‌ವೇ ಪಕ್ಕಪಕ್ಕ, ಮಧ್ಯೆ 750 ಅಡಿ ಅಂತರ. ವರ್ಷಗಟ್ಟಲೆ ಅಲ್ಲಿ ಆಕಾಶ ತಿಳಿಯಾಗಿದ್ರೆ ಪೈಲಟ್‌ಗಳು ಒಬ್ಬರನ್ನೊಬ್ಬರು ನೋಡ್ಕೊಂಡು ಜೋಡಿಯಾಗಿ ಇಳೀತಿದ್ರು, ಕೊಲ್ಲಿ ಮೇಲೆ ಮಂಜು ಬಂದು ಕೂತ್ರೆ ಒಬ್ಬರ ಹಿಂದೆ ಒಬ್ಬರು, ಇಳಿಯೋ ಲೆಕ್ಕ ಅರ್ಧಕ್ಕೆ ಬೀಳ್ತಿತ್ತು. 16 ಗಂಟೆ ಹಾರಿ ಬಂದು ಕೊನೇಲಿ ಅರ್ಧ ಗಂಟೆ ಸುತ್ತು ಹಾಕೋದು ಅಂದ್ರೆ ಅದು ಬೇರೆ ತರ ಸಂಕಟ.

ಕನೆಕ್ಷನ್ ಬಗ್ಗೆ. ಹೊರದೇಶದಿಂದ ಬೆಂಗಳೂರಿಗೆ ಬಂದು ಮಂಗಳೂರಿಗೆ ಹೋಗ್ಬೇಕಂದ್ರೆ ಇಮಿಗ್ರೇಷನ್, ಲಗೇಜ್ ಎತ್ಕೊಳ್ಳೋದು, ಕಸ್ಟಮ್ಸ್, ಮತ್ತೆ ಲಗೇಜ್ ಕೊಡೋದು, ಮತ್ತೆ ಸೆಕ್ಯೂರಿಟಿ. ಇಂಟರ್‌ನ್ಯಾಷನಲ್ ಎಲ್ಲಾ 2023ರ ಸೆಪ್ಟೆಂಬರ್‌ನಿಂದ ಎರಡನೇ ಟರ್ಮಿನಲ್ಲು ಟಿ2ಗೆ ಹೋಗಿದೆ, ನಿಮ್ಮ ಮಂಗಳೂರು ಫ್ಲೈಟ್ ಮೊದಲನೇದು ಟಿ1ರಿಂದ ಇದ್ರೆ ಶಟಲ್ ಬಸ್ ಹಿಡೀಬೇಕು. ಬೆಳಗಿನ ಜಾವ ಮೂರು ನಾಲ್ಕು ಗಂಟೆ ಅಂದ್ರೆ ಇಂಟರ್‌ನ್ಯಾಷನಲ್ ವಿಮಾನಗಳು ಒಂದರ ಹಿಂದೆ ಒಂದು ಬಂದು ಬೀಳೋ ಹೊತ್ತು. ಒಂದೇ ಟಿಕೆಟಲ್ಲಿ ಎರಡೂ ಇದ್ರೆ ಮೂರು ಗಂಟೆ ಗ್ಯಾಪ್ ಸಾಕು, ತಪ್ಪಿದ್ರೂ ಕಂಪನಿನೇ ಮುಂದಿನದಕ್ಕೆ ಹಾಕುತ್ತೆ. ಬೇರೆ ಬೇರೆ ಟಿಕೆಟ್ ಆದ್ರೆ ನಾನು ನಾಲ್ಕೂವರೆ ಗಂಟೆಗಿಂತ ಕಮ್ಮಿ ಇಡಲ್ಲ. ಒಂದ್ಸಲ ಎರಡೂಕಾಲು ಗಂಟೆ ಸಾಕು ಅಂತ ಜಂಬದಲ್ಲಿ ಬುಕ್ ಮಾಡಿ, ನಮ್ಮ ಮನೆಯವರ ಸೂಟ್‌ಕೇಸ್ ಕೊನೇದಾಗಿ ಬಂದು, ಗೇಟ್ ಮುಚ್ಚೋದನ್ನ ಗಾಜಿನಾಚೆಯಿಂದ ನೋಡ್ದೆ. ಜೀವನ ಪೂರ್ತಿ ಬೇರೆಯವರ ಫ್ಲೈಟ್ ಪ್ಲಾನ್ ಮಾಡಿದವನು ಅಂತ ಅವರು ಇವತ್ತಿಗೂ ಬಂದವರ ಹತ್ರ ಎಲ್ಲಾ ಹೇಳ್ತಾರೆ.

ಆದ್ರೆ ನೀವು ಪುತ್ತೂರಿನವರು, ಹಾಗಾಗಿ ನಿಜ ಹೇಳ್ಬೇಕಂದ್ರೆ ಮಂಗಳೂರು ಫ್ಲೈಟ್ ನಿಮಗೆ ಬೇಕಾ ಅನ್ನೋದೇ ನನ್ನ ಅನುಮಾನ. ಮೂರೂವರೆಗೆ ಇಳಿದು ಐದಕ್ಕೆ ಹೊರಗೆ ಬಂದ್ರಿ ಅಂತಿಟ್ಕೊಳ್ಳಿ. ಎಂಟು ಗಂಟೆ ಫ್ಲೈಟು, ಒಂಬತ್ತೂ ಹತ್ತಕ್ಕೆ ಬಜ್ಪೆ, ಲಗೇಜ್ ಹಿಡ್ಕೊಂಡು ಹೊರಗೆ ಬರೋವಾಗ ಒಂಬತ್ತೂಮುಕ್ಕಾಲು, ಅಲ್ಲಿಂದ ಪುತ್ತೂರಿಗೆ ಬಂದದ್ದೇ ದಾರೀಲಿ ಬೆಂಗಳೂರ ಕಡೆಗೇ ವಾಪಸ್ ಒಂದೂವರೆ ಗಂಟೆ, ಮನೆಗೆ ಹನ್ನೊಂದೂಕಾಲು. ಐದಕ್ಕೇ ಟ್ಯಾಕ್ಸಿ ಹಿಡಿದು ನೆಲಮಂಗಲ ಹಾಸನ ಸಕಲೇಶಪುರ ಶಿರಾಡಿ ಇಳಿದು ಬಂದ್ರೆ ನಡುವೆ ತಿಂಡಿ ತಿಂದ್ಕೊಂಡೂ ಹನ್ನೆರಡೂವರೆ. ಒಂದೂಕಾಲು ಗಂಟೆ ಲಾಭಕ್ಕೆ ಎರಡು ಸಲ ಸೆಕ್ಯೂರಿಟಿ, ಎರಡು ಸಲ ಲಗೇಜ್. ಜನವರಿಯಲ್ಲಿ ಬರ್ತಿದ್ದೀರಿ, ಘಾಟಿಯಲ್ಲಿ ಮಳೆ ಇಲ್ಲ, ನಾನಾಗಿದ್ರೆ ಟ್ಯಾಕ್ಸಿ ಹಿಡಿದು ಹಿಂದಿನ ಸೀಟಲ್ಲಿ ನಿದ್ದೆ ಮಾಡ್ತಿದ್ದೆ. ಜುಲೈ ಆಗಿದ್ರೆ ಉತ್ತರ ಬೇರೆ, ಆಗ ಶಿರಾಡಿಯಲ್ಲಿ ಗುಡ್ಡ ಯಾವಾಗ ಜರಿಯುತ್ತೆ ಹೇಳೋಕಾಗಲ್ಲ, ಬಜ್ಪೆಯಲ್ಲೂ ಮೋಡ ಕವಿದ್ರೆ ವಿಮಾನ ಇಳಿಯದೆ ಬೆಂಗಳೂರಿಗೇ ವಾಪಸ್ ಬಂದಿರೋದು ಎಷ್ಟೋ ಸಲ ಇದೆ.

ವಾಪಸ್ ಹೋಗುವಾಗ ಅಪ್ಪ ಅಮ್ಮನ್ನ ಹಿಂದಿನ ದಿನವೇ ಬೆಂಗಳೂರಿಗೆ ಕರ್ಕೊಂಡು ಬಂದು ಒಂದು ರಾತ್ರಿ ಮಲಗಿಸಿ. ನಾನ್‌ಸ್ಟಾಪ್ ಇದ್ರೆ ಅದನ್ನೇ ತಗೊಳ್ಳಿ, ಆ ಕಡೆ ಹೋಗುವಾಗ ಬೆನ್ನುಗಾಳಿ ಇರೋದ್ರಿಂದ ಬರೋದಕ್ಕಿಂತ ಸಮಯ ಕಮ್ಮಿ. ಇಬ್ಬರಿಗೂ ಐಲ್ ಸೀಟ್ ಹಾಕಿಸಿ, ಎರಡು ಗಂಟೆಗೊಮ್ಮೆ ಎದ್ದು ಓಡಾಡ್ಲಿ. ವೀಲ್‌ಚೇರ್ ಬುಕಿಂಗ್ ಮಾಡುವಾಗಲೇ ಕೇಳಿ, ಬೇಡ ಬೇಡ ನಾವು ನಡೀತೀವಿ ಅಂತಾರೆ, ಕೇಳ್ಬೇಡಿ, ಅವರು ಟಿ2 ಉದ್ದ ಇನ್ನೂ ನೋಡಿಲ್ಲ.